ಎಚ್‌ಆರ್ ಆ್ಯಪ್ ಅನ್ನು ಕೆಲಸಗಾರರು ಒಪ್ಪಿ ಬಳಸಬೇಕಾದರೆ: ಕಾರ್ಖಾನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಿಗ್ಗೆ ಸೊಪ್ಪಿನ ಗಾಡಿ ಹತ್ತಿರ ಫೋನ್‌ಪೇ ಮಾಡಿ ಬರುವ ಹೆಣ್ಣುಮಕ್ಕಳೇ ಕಾರ್ಖಾನೆಯಲ್ಲಿ ರಜೆ ಬೇಕಾದಾಗ ಎಚ್‌ಆರ್ ಕೌಂಟರ್ ಮುಂದೆ ನಿಂತು ಚೀಟಿ ಕೇಳುತ್ತಾರೆ. ಆ್ಯಪ್ ಇದೆ. ಪಾಸ್‌ವರ್ಡ್ ಕೊಟ್ಟಾಗಿದೆ. ಟ್ರೈನಿಂಗೂ ಮುಗಿದಿದೆ. ಆದರೂ ಚೀಟಿಯೇ ಬೇಕು. ಆಗ ಮ್ಯಾನೇಜ್‌ಮೆಂಟ್ ಕಡೆಯಿಂದ ಬರುವ ಮಾತು ಒಂದೇ: "ನಮ್ಮ ಜನಕ್ಕೆ ಟೆಕ್ನಾಲಜಿ ಗೊತ್ತಾಗಲ್ಲ."

ಗೊತ್ತಾಗದಿದ್ದರೆ ಫೋನ್‌ಪೇಯೂ ಗೊತ್ತಾಗಬಾರದಿತ್ತು, ಅಲ್ವಾ? ಅಲ್ಲಿ ದುಡ್ಡು ಹೋಗಿದ್ದು, ಬಂದಿದ್ದು ಆ ಕ್ಷಣವೇ ಕಾಣುತ್ತದೆ. ಎಚ್‌ಆರ್ ಆ್ಯಪ್‌ನಲ್ಲಿ ಕಾಣುವುದೇನು? ಎಷ್ಟು ಗಂಟೆಗೆ ಬಂದರು, ಎಷ್ಟು ನಿಮಿಷ ಲೇಟು, ಸಂಬಳದಲ್ಲಿ ಎಷ್ಟು ಕಟ್. ಅನುಕೂಲವೆಲ್ಲ ಕಂಪನಿಗೆ, ಲೆಕ್ಕ ಒಪ್ಪಿಸುವ ಕೆಲಸ ಮಾತ್ರ ಅವರಿಗೆ. ಇಂಥ ಆ್ಯಪನ್ನು ಜನ ಬಲವಂತಕ್ಕೆ ಬಳಸುತ್ತಾರೆ, ಅವಕಾಶ ಸಿಕ್ಕಿದ ದಿನ ಬಿಡುತ್ತಾರೆ.

ಪೀಣ್ಯ, ಬೊಮ್ಮಸಂದ್ರ, ದೊಡ್ಡಬಳ್ಳಾಪುರ, ಮೈಸೂರಿನ ಹೆಬ್ಬಾಳ, ಬೆಳಗಾವಿಯ ಉದ್ಯಮಬಾಗ ಇಂಥ ಕಡೆ ನೂರರಿಂದ ಸಾವಿರ ಜನರ ಕಾರ್ಖಾನೆ ನಡೆಸುವವರನ್ನು, ಅಲ್ಲಿ ಎಚ್‌ಆರ್ ಮತ್ತು ಟೈಮ್ ಆಫೀಸ್ (ಹಾಜರಿ ಲೆಕ್ಕ ಇಡುವ ವಿಭಾಗ) ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಚೇರಿ ಕೆಲಸದವರ ಬಗ್ಗೆಯೂ ಮುಂದೆ ಒಂದೆರಡು ಮಾತು ಇದೆ. ಆದರೆ ನಿಜವಾದ ತೊಡಕು ಇರುವುದು ಶಾಪ್ ಫ್ಲೋರ್‌ನಲ್ಲಿ.

ಹೊಸ ಸಾಫ್ಟ್‌ವೇರನ್ನು ಜನ ಯಾಕೆ ಒಪ್ಪುತ್ತಾರೆ ಎಂಬ ಪ್ರಶ್ನೆಗೆ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಕಾರಣ ಕೊಟ್ಟರು. ಇದರಿಂದ ನನಗೆ ಉಪಯೋಗ ಇದೆ ಅನ್ನಿಸಬೇಕು. ಬಳಸುವುದು ಸುಲಭ ಅನ್ನಿಸಬೇಕು. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಜೊತೆಗಾರರು ಇನ್ನೆರಡು ಸೇರಿಸಿದರು: ಸುತ್ತಲಿನವರು ಏನು ಹೇಳುತ್ತಾರೆ, ಬಳಸಲು ಬೇಕಾದ ನೆರವು ಕೈಗೆ ಸಿಗುತ್ತದೆಯೇ. ಇವೆಲ್ಲ ನಮ್ಮಲ್ಲೂ ಸರಿಯೇ. ಆದರೆ ದಿನದ ದುಡಿಮೆಯ ಮೇಲೆ ಮನೆ ನಡೆಸುವವರು ಇವಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಇದರಲ್ಲಿ ಏನಾದ್ರೂ ತಪ್ಪಾದ್ರೆ ನನ್ನ ಸಂಬಳ ಹೋಗುತ್ತಾ?" ಮುಂದಿನ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಕೊಡುವ ಕೆಲಸವೇ.

ಕೆಲಸಗಾರರಿಗೆ ಇಂಥ ವಿಷಯದಲ್ಲಿ ಆಸಕ್ತಿ ಇಲ್ಲ ಎನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು ರಸ್ತೆಗೆ ಇಳಿದರು. ಹೆಚ್ಚಿನವರು ಹೆಂಗಸರು. ಹೊಸೂರು ರಸ್ತೆ, ಮೈಸೂರು ರಸ್ತೆ ಎಲ್ಲ ಬಂದ್ ಆಯಿತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಒಂದು ಸರ್ಕಾರಿ ಅಧಿಸೂಚನೆ ತಮ್ಮ ದುಡ್ಡಿಗೆ ಏನು ಮಾಡುತ್ತದೆ ಎಂದು ಅರ್ಥ ಮಾಡಿಕೊಂಡವರಿಗೆ ರಜೆ ಹಾಕುವ ಸ್ಕ್ರೀನ್ ಅರ್ಥವಾಗುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಂತ 1: ಸಾಫ್ಟ್‌ವೇರ್ ನೋಡುವ ಮೊದಲು ಕೌಂಟರ್‌ನಲ್ಲಿ ಕೂರಿ

ಎರಡು ವಾರ ಸಾಕು. ಎಚ್‌ಆರ್ ಕೌಂಟರ್‌ಗೆ ಯಾರು ಏನು ಕೇಳಿಕೊಂಡು ಬರುತ್ತಾರೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸಂಬಳ ಆದ ವಾರ ಒಂದು, ಆಗದ ವಾರ ಒಂದು ಇರಲಿ, ಯಾಕೆಂದರೆ ಎರಡರಲ್ಲೂ ಪ್ರಶ್ನೆಗಳೇ ಬೇರೆ. ಸಾಮಾನ್ಯವಾಗಿ ಸಿಗುವುದು ಇವು: ಓಟಿ (ಓವರ್‌ಟೈಮ್) ಯಾಕೆ ಕಡಿಮೆ ಬಂತು? ಸಿಎಲ್ (ಸಾಂದರ್ಭಿಕ ರಜೆ) ಎಷ್ಟು ಉಳಿದಿದೆ? ಪಿಎಫ್ ಎಷ್ಟಾಗಿದೆ? ಬ್ಯಾಂಕ್ ಲೋನಿಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಬೇಕು. ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್‌ನಲ್ಲಿ ಮಗುವಿನ ಹೆಸರು ಸೇರಿಸಬೇಕು.

ನಿಮ್ಮ ಆ್ಯಪ್ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳು ಇವೇ. ವೆಂಡರ್ ಕೊಡುವ ನೂರು ಫೀಚರ್‌ಗಳ ಪಟ್ಟಿ ಆಮೇಲೆ ನೋಡಿದರೆ ಆಯಿತು.

ಇದೇ ಹೊತ್ತಿನಲ್ಲಿ ಫೋನಿನ ವಿಷಯವನ್ನೂ ವಿಚಾರಿಸಿ. ಕ್ಯಾಂಟೀನ್‌ನಲ್ಲಿ ಟೀ ಸಮಯದಲ್ಲಿ ಬಾಯಿಮಾತಿನಲ್ಲಿ ಕೇಳಿ, ಫಾರ್ಮ್ ಹಂಚಬೇಡಿ. ಸ್ವಂತ ಫೋನ್ ಇದೆಯೇ? ಕಂಪನಿ ದಾಖಲೆಯಲ್ಲಿರುವ ನಂಬರ್ ಯಾರದು? ಬಹಳ ಹೆಂಗಸರ ವಿಷಯದಲ್ಲಿ ಅದು ಗಂಡನದೋ ಮಗನದೋ ಆಗಿರುತ್ತದೆ. ಶಿಫ್ಟ್ ನಡುವೆ ಓಟಿಪಿ ಬಂದರೆ ಅದು ಮನೆಯಲ್ಲಿರುವ ಫೋನಿಗೆ ಹೋಗುತ್ತದೆ. ಓದಲು ಸುಲಭವಾದ ಭಾಷೆ ಯಾವುದು? ಒಡಿಶಾ, ಬಿಹಾರ, ಜಾರ್ಖಂಡ್‌ನಿಂದ ಬಂದವರು ಎಷ್ಟು ಜನ? ಶಾಪ್ ಫ್ಲೋರ್ ಒಳಗೆ ಫೋನ್ ಒಯ್ಯಲು ನೀವೇ ಬಿಡುವುದಿಲ್ಲವಾದರೆ ಆ್ಯಪ್ ತೆರೆಯುವುದು ಯಾವಾಗ? ಈ ಕೊನೆಯ ಪ್ರಶ್ನೆ ಎಷ್ಟೋ ಕಡೆ ಆ್ಯಪ್ ಕೊಂಡ ಮೇಲೆ ಹೊಳೆಯುತ್ತದೆ.

ಹಂತ 2: ಹೆಸರು, ನಂಬರ್, ರಜೆ ಲೆಕ್ಕ ಸರಿ ಮಾಡಿ

ಯಾರಿಗೂ ಇಷ್ಟವಿಲ್ಲದ ಕೆಲಸ ಇದು. ಆದರೆ ಒಪ್ಪಿಗೆ ಉಳಿಯುವುದು, ಮುರಿಯುವುದು ಇಲ್ಲೇ. ಮೊದಲ ದಿನ ಆ್ಯಪ್ ತೆರೆದಾಗ ರಜೆ ಬಾಕಿ 6 ಇರಬೇಕಾದ ಕಡೆ 2 ಎಂದು ತೋರಿಸಿದರೆ ಆ ಮನುಷ್ಯ ಎರಡನೇ ಸಲ ತೆರೆಯುವುದಿಲ್ಲ. ಸುಮ್ನೆ ಬಿಡುವುದೂ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಲೈನಿಗೆ ಸುದ್ದಿ ಮುಟ್ಟಿರುತ್ತದೆ.

ನಮ್ಮ ಕಡೆ ಹೆಸರಿನ ತೊಡಕು ದೊಡ್ಡದು. ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಪಿಎಫ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಅದನ್ನೇ ಬಿಡಿಸಿ ಊರ ಹೆಸರೋ ಅಪ್ಪನ ಹೆಸರೋ ಹಾಕಿರುತ್ತಾರೆ. ಮದುವೆಯಾದ ಮೇಲೆ ಕೆಲವು ದಾಖಲೆಯಲ್ಲಿ ಗಂಡನ ಹೆಸರು ಸೇರಿರುತ್ತದೆ. ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಹಳೆಯ ಕಂಪನಿಯಲ್ಲಿ ಒಂದು ಯುಎಎನ್ (ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆ), ಇಲ್ಲಿ ಸೇರಿದಾಗ ಗೊತ್ತಿಲ್ಲದೆ ಇನ್ನೊಂದು. ಯುಎಎನ್ 2014ರಲ್ಲಿ ಬಂದಿದ್ದೇ ಒಬ್ಬ ಮನುಷ್ಯನಿಗೆ ಎಷ್ಟು ಕೆಲಸ ಬದಲಾದರೂ ಒಂದೇ 12 ಅಂಕಿಯ ನಂಬರ್ ಇರಲಿ ಎಂದು. ಆದರೂ ಎರಡು ನಂಬರ್ ಇರುವವರು ಪ್ರತಿ ಕಾರ್ಖಾನೆಯಲ್ಲೂ ಸಿಗುತ್ತಾರೆ.

ಪ್ರತಿಯೊಬ್ಬರಿಗೂ ಅವರ ವಿವರದ ಒಂದು ಹಾಳೆ ಪ್ರಿಂಟ್ ಮಾಡಿ ಕೊಡಿ. ಹೆಸರು, ಹುಟ್ಟಿದ ದಿನ, ಸೇರಿದ ದಿನ, ಫೋನ್ ನಂಬರ್, ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ, ಯುಎಎನ್, ಇಎಸ್‌ಐ ನಂಬರ್, ಉಳಿದ ರಜೆ, ನಾಮಿನಿ ಹೆಸರು. ಎರಡು ದಿನ ಮನೆಗೆ ಒಯ್ಯಲಿ. ತಪ್ಪಿದ್ದ ಕಡೆ ಪೆನ್ನಿನಲ್ಲಿ ತಿದ್ದಿ, ಸಹಿ ಮಾಡಿ ತರಲಿ. ತಿದ್ದಿದ್ದನ್ನು ಕಂಪ್ಯೂಟರ್‌ಗೆ ಹಾಕಿದ ಮೇಲೆ ಇನ್ನೊಂದು ಹಾಳೆ ತೆಗೆದು ತೋರಿಸಿ. ಪಿಎಫ್ ದಾಖಲೆಯಲ್ಲೇ ತಪ್ಪಿದ್ದರೆ ಅದಕ್ಕೆ ಬೇಕಾದ ಜಂಟಿ ಘೋಷಣೆಯ ಅರ್ಜಿ ಹಾಕಲು ನೀವೇ ನೆರವಾಗಿ. ಕಾಗದದಲ್ಲಿ ಮಾಡುವ ಈ ಕೆಲಸ ಡಿಜಿಟಲ್ ವ್ಯವಸ್ಥೆಯ ಮೊದಲ ಮೆಟ್ಟಿಲು. ಕಂಪನಿ ತಮ್ಮ ಪಿಎಫ್ ಸರಿ ಮಾಡಿಕೊಟ್ಟಿತು ಎಂಬುದನ್ನು ಜನ ಮರೆಯುವುದಿಲ್ಲ. ಆ್ಯಪ್ ಬರುವ ಹೊತ್ತಿಗೆ ನಿಮ್ಮ ಮೇಲೆ ಸ್ವಲ್ಪ ನಂಬಿಕೆ ಹುಟ್ಟಿರುತ್ತದೆ.

ಹಂತ 3: ಮೊದಲು ಕೊಡಿ, ಆಮೇಲೆ ಕೇಳಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಹೆಚ್ಚಿನ ಕಂಪನಿಗಳು ಆ್ಯಪ್ ಶುರು ಮಾಡುವುದು ಹಾಜರಿಯಿಂದ. "ಸೋಮವಾರದಿಂದ ಎಲ್ಲರೂ ಮೊಬೈಲ್‌ನಲ್ಲಿ ಪಂಚ್ ಮಾಡಬೇಕು, ಇಲ್ಲದಿದ್ದರೆ ಲಾಸ್ ಆಫ್ ಪೇ" ಎಂಬ ನೋಟಿಸ್. ಮೊದಲ ಭೇಟಿಯಲ್ಲೇ ಬೆದರಿಕೆ. ಅಲ್ಲಿಂದ ಮುಂದೆ ಆ ಆ್ಯಪ್ ಅಂದರೆ ಸಂಬಳ ಕತ್ತರಿಸುವ ಆ್ಯಪ್ ಅಂತಲೇ ಹೆಸರಾಗುತ್ತದೆ.

ಕ್ರಮವನ್ನು ತಿರುಗಿಸಿ. ಮೊದಲ ತಿಂಗಳು ಕೆಲಸಗಾರರು ಏನನ್ನೂ ಹಾಕುವುದು ಬೇಡ, ನೋಡಿದರೆ ಸಾಕು. ಪೇ ಸ್ಲಿಪ್ ಮತ್ತು ರಜೆ ಬಾಕಿ, ಇವೆರಡೇ ಇರಲಿ. ಎರಡನೇ ತಿಂಗಳು ರಜೆ ಹಾಕುವುದು. ಮೂರನೇ ತಿಂಗಳು, ಗೇಟಿನ ಪಂಚಿಂಗ್‌ನಲ್ಲಿ ತಪ್ಪಾಗಿದ್ದರೆ ಅದನ್ನು ತಿದ್ದಲು ಮನವಿ ಹಾಕುವುದು. ಅದೂ ರೂಢಿಯಾದ ಮೇಲೆ, ಬೇಕೇಬೇಕಾದರೆ ಮಾತ್ರ, ಮೊಬೈಲ್ ಹಾಜರಿ. ಗೇಟಿನಲ್ಲಿ ಮಷಿನ್ ಚೆನ್ನಾಗಿ ನಡೆಯುತ್ತಿದ್ದರೆ ಕಾರ್ಖಾನೆಗೆ ಮೊಬೈಲ್ ಹಾಜರಿ ಬೇಕಾಗಿಯೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಹೊರಗೆ ಓಡಾಡುವ ಸೇಲ್ಸ್, ಸರ್ವೀಸ್ ಹುಡುಗರಿಗೆ ಮಾತ್ರ ಅದು ಬೇಕು.

ಪೇ ಸ್ಲಿಪ್ ಹೇಗಿರಬೇಕು ಎಂಬುದರ ಮೇಲೆ ಸಮಯ ಕಳೆಯಿರಿ. ಬರೀ ಒಟ್ಟು ಮೊತ್ತ ಸಾಲದು. ಎಷ್ಟು ದಿನ ಬಂದಿದ್ದಾರೆ, ಓಟಿ ಎಷ್ಟು ಗಂಟೆ, ಗಂಟೆಗೆ ಎಷ್ಟು, ಗುಣಿಸಿದರೆ ಎಷ್ಟು ಎಂದು ಒಂದೊಂದು ಸಾಲು ಬೇಕು. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು ಎಂಬುದು ಕಾರ್ಖಾನೆ ಕಾನೂನು. ಹಾಗೆ ಕೊಟ್ಟಿದ್ದೀರಿ ಎಂದು ಸ್ಲಿಪ್‌ನಲ್ಲಿ ಕಾಣಲಿ. ಪಿಎಫ್ ಶೇ 12, ಇಎಸ್‌ಐ ಶೇ 0.75 ಕಟ್ ಆಗಿದ್ದು ಎಲ್ಲಿಗೆ ಹೋಯಿತು, ಅದಕ್ಕೆ ಕಂಪನಿ ಎಷ್ಟು ಸೇರಿಸಿತು ಎಂಬುದೂ ಇರಲಿ. ಇಎಸ್‌ಐಗೆ ಕಂಪನಿ ಶೇ 3.25 ಕಟ್ಟುತ್ತದೆ ಎಂದು ಬಹಳ ಜನಕ್ಕೆ ಯಾರೂ ಹೇಳಿಯೇ ಇರುವುದಿಲ್ಲ.

ಗಂಟೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಪಾಠ ಇದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್‌ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಲಾಟೆ ಎದ್ದು ಭಾರಿ ಹಾನಿಯಾಯಿತು. ಕೆಲಸದ ಗಂಟೆಗಳ ಲೆಕ್ಕ ಇಡುವ ಕ್ರಮ ಸರಿ ಇರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಆಪಲ್ ಕಂಪನಿ ಆ ತಿಂಗಳೇ ಹೇಳಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಎಂದು ವಿಸ್ಟ್ರಾನ್ ಕೂಡ ಒಪ್ಪಿಕೊಂಡು ಕ್ಷಮೆ ಕೇಳಿತು. ಅಲ್ಲಿ ಇದ್ದದ್ದು ಆಧುನಿಕ ಕಾರ್ಖಾನೆ, ಆಧುನಿಕ ಮಷಿನ್‌ಗಳು. ದುಡಿದ ಗಂಟೆ ಮತ್ತು ಕೈಗೆ ಬಂದ ದುಡ್ಡು ತಾಳೆಯಾಗದಿದ್ದರೆ ಅದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಪಿಎಫ್ ಬ್ಯಾಲೆನ್ಸ್ ತೋರಿಸುವುದು ನಿಮ್ಮ ಆ್ಯಪ್‌ಗೆ ಆಗದಿದ್ದರೆ ದಾರಿಯನ್ನಾದರೂ ತೋರಿಸಿ. ಯುಎಎನ್ ಆ್ಯಕ್ಟಿವೇಟ್ ಆಗಿದ್ದರೆ, ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಎಸ್ಸೆಮ್ಮೆಸ್‌ನಲ್ಲಿ ಬರುತ್ತದೆ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ಕೇ ಕಾಣುತ್ತದೆ. ಟ್ರೈನಿಂಗ್ ದಿನ ಮೊದಲು ಇದನ್ನೇ ಮಾಡಿಸಿ. ತಮ್ಮ ದುಡ್ಡು ತಮ್ಮ ಫೋನಿನಲ್ಲಿ ಕಂಡ ಮೇಲೆ ಜನ ತಾವೇ "ಇನ್ನೇನಿದೆ ಇದರಲ್ಲಿ?" ಎಂದು ಕೇಳುತ್ತಾರೆ.

ಹಂತ 4: ಸಾಫ್ಟ್‌ವೇರ್ ಆರಿಸುವಾಗ

ಬೆಂಗಳೂರಿನ ಗ್ರೇಟ್‌ಎಚ್‌ಆರ್, ಹೈದರಾಬಾದಿನ ಕೇಕಾ ಮತ್ತು ಡಾರ್ವಿನ್‌ಬಾಕ್ಸ್, ಚೆನ್ನೈನ ಜೋಹೋ ಪೀಪಲ್, ಹೀಗೆ ನಮ್ಮ ಸುತ್ತಮುತ್ತಲೇ ಹಲವು ಇವೆ. ಯಾವುದು ಒಳ್ಳೆಯದು ಎಂದು ಇಲ್ಲಿ ಕೂತು ಹೇಳಲಾಗದು. ಪರೀಕ್ಷಿಸುವ ರೀತಿ ಮಾತ್ರ ಹೇಳುತ್ತೇನೆ.

ಡೆಮೊವನ್ನು ಕಾನ್ಫರೆನ್ಸ್ ರೂಮಿನ ಪ್ರೊಜೆಕ್ಟರ್‌ನಲ್ಲಿ ನೋಡಬೇಡಿ. ಮೂರು ನಾಲ್ಕು ವರ್ಷ ಹಳೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಳ್ಳಿ, ಮೆಮೊರಿ ಅರ್ಧಕ್ಕಿಂತ ಜಾಸ್ತಿ ತುಂಬಿರಲಿ. ಶಾಪ್ ಫ್ಲೋರ್‌ನ ನೆಟ್‌ವರ್ಕ್ ಕಡಿಮೆ ಇರುವ ಮೂಲೆಗೆ ವೆಂಡರ್‌ನ ಹುಡುಗನನ್ನು ಕರೆದುಕೊಂಡು ಹೋಗಿ, ಮೊಬೈಲ್ ಡೇಟಾದಲ್ಲಿ ತೆರೆಯಲು ಹೇಳಿ. ಲೈನಿನ ಇಬ್ಬರು ಕೆಲಸಗಾರರ ಕೈಗೆ ಫೋನ್ ಕೊಟ್ಟು "ನಾಳೆಗೆ ಅರ್ಧ ದಿನ ರಜೆ ಹಾಕಿ ನೋಡೋಣ" ಅನ್ನಿ. ನೀವು ಬಾಯಿ ಬಿಡಬೇಡಿ. ಎಲ್ಲಿ ಬೆರಳು ನಿಲ್ಲುತ್ತದೆ ಎಂದು ಗಮನಿಸಿ. ಕನ್ನಡದ ಸ್ಕ್ರೀನ್ ಇದ್ದರೆ ಅದರ ಮಾತುಗಳನ್ನು ಅವರೇ ಓದಿ ಹೇಳಲಿ. ಅರ್ಥವಾಗದ ಪದವನ್ನು ಅವರು ದಿನಾ ಬಳಸುವ ಮಾತಿಗೆ ಬದಲಿಸಿಕೊಡಲು ವೆಂಡರ್ ಒಪ್ಪುತ್ತಾರಾ ಎಂದು ಕೇಳಿ.

ನೆಟ್‌ವರ್ಕ್ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನರೇಗಾ ಕೆಲಸದಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಸಲ ಫೋಟೊ ತೆಗೆದು ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಹಾಜರಿ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದೆ ಫೋಟೊ ಹೋಗದಿದ್ದರೆ ದುಡಿದ ದಿನದ ಕೂಲಿಯೂ ಹೋಗುತ್ತದೆ ಎಂದು ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ್ಯಪ್ ಕೆಟ್ಟರೆ ನಷ್ಟ ಕೆಲಸಗಾರರಿಗೆ ಎಂಬ ವ್ಯವಸ್ಥೆ ಎಲ್ಲಿದ್ದರೂ ಜನ ಹೀಗೆಯೇ ಎದುರು ನಿಲ್ಲುತ್ತಾರೆ, ನಿಲ್ಲಬೇಕು ಕೂಡ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ, ಇದ್ದರೂ ಬೇಡ ಎನ್ನುವವರಿಗೆ ಕ್ಯಾಂಟೀನ್ ಪಕ್ಕ ಒಂದು ಟ್ಯಾಬ್ ಅಥವಾ ಕಿಯಾಸ್ಕ್ ಇಡಿ, ಜೊತೆಗೆ ಒಂದು ಪ್ರಿಂಟರ್. ನಿಂತವರ ಸಂಬಳ ಹಿಂದಿನವರಿಗೆ ಕಾಣದಂತೆ ಗೋಡೆ ಕಡೆಗೆ ತಿರುಗಿಸಿ ಇಡಿ.

ಹಂತ 5: ಭಯಕ್ಕೆ ನೇರ ಉತ್ತರ ಕೊಡಿ

"ಇದು ನಾನು ಎಲ್ಲಿ ಹೋಗ್ತೀನಿ ಅಂತ ನೋಡುತ್ತಾ?" ಈ ಪ್ರಶ್ನೆಯನ್ನು ನಿಮ್ಮ ಮುಂದೆ ಕೇಳದೇ ಇರಬಹುದು. ಕಂಪನಿ ಬಸ್ಸಿನಲ್ಲಿ ಖಂಡಿತ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ಆ ಕಾಯ್ದೆ ಸ್ವಲ್ಪ ಅವಕಾಶ ಕೊಟ್ಟಿದೆ. ಕೆಲವು ಕಂಪನಿಗಳು ಇದನ್ನೇ ಹಿಡಿದುಕೊಂಡು ಯಾರಿಗೂ ಏನೂ ಹೇಳುವುದಿಲ್ಲ. ಕಾನೂನು ಬಿಟ್ಟರೂ ಜನರ ಮನಸ್ಸು ಬಿಡಬೇಕಲ್ಲ.

ಒಂದು ಪುಟದ ಕನ್ನಡ ಹಾಳೆ ಮಾಡಿ. ಏನು ತೆಗೆದುಕೊಳ್ಳುತ್ತೇವೆ, ಯಾಕೆ, ಯಾರು ನೋಡುತ್ತಾರೆ, ಕೆಲಸ ಬಿಟ್ಟ ಮೇಲೆ ಎಷ್ಟು ಕಾಲ ಇಡುತ್ತೇವೆ. ಇದಕ್ಕಿಂತ ಮುಖ್ಯವಾಗಿ ಏನನ್ನು ತೆಗೆದುಕೊಳ್ಳುವುದಿಲ್ಲ ಎಂದು ಬರೆಯಿರಿ: ಫೋನಿನ ಕಾಂಟ್ಯಾಕ್ಟ್ ಬೇಡ, ಫೋಟೊ ಗ್ಯಾಲರಿ ಬೇಡ, ಶಿಫ್ಟ್ ಮುಗಿದ ಮೇಲೆ ಲೊಕೇಶನ್ ಬೇಡ. ಬರೆದರೆ ಸಾಲದು, ಆ್ಯಪ್‌ನಲ್ಲಿ ಆ ಅನುಮತಿಗಳನ್ನೇ ತೆಗೆಸಿ. ಸೆಟ್ಟಿಂಗ್ಸ್‌ಗೆ ಹೋಗಿ ಅವರೇ ನೋಡಿಕೊಳ್ಳುವುದನ್ನು ಟ್ರೈನಿಂಗ್‌ನಲ್ಲಿ ಕಲಿಸಿ. ಪಿಎಫ್, ಇಎಸ್‌ಐಗೆ ಆಧಾರ್ ಬೇಕು ಸರಿ, ಕ್ಯಾಂಟೀನ್ ಕೂಪನ್‌ಗೆ ಯಾಕೆ?

ಬೆರಳಚ್ಚಿನ ಬಗ್ಗೆಯೂ ಹೇಳಬೇಕು. ಕೂಲೆಂಟ್ ಎಣ್ಣೆಯಲ್ಲಿ ಕೈ ಅದ್ದುವವರು, ಕೆಮಿಕಲ್‌ನಲ್ಲಿ ತೊಳೆಯುವವರು, ಸಿಮೆಂಟ್ ಮುಟ್ಟುವವರು, ಇವರ ಬೆರಳ ಗೆರೆ ಸವೆದಿರುತ್ತದೆ. ಥಂಬ್ ಮಷಿನ್ ಅವರನ್ನು ಗುರುತಿಸುವುದಿಲ್ಲ. ದಿನಾ ಗೇಟಿನಲ್ಲಿ ನಾಲ್ಕು ಸಲ ಬೆರಳು ಒತ್ತಿ, ಹಿಂದಿನವರ ಬೈಗುಳ ತಿಂದು, ಕೊನೆಗೆ ಸೆಕ್ಯೂರಿಟಿಯವರ ಪುಸ್ತಕದಲ್ಲಿ ಸಹಿ ಹಾಕುವವರಿಗೆ ಡಿಜಿಟಲ್ ಎನ್ನುವುದೇ ಅವಮಾನದ ಇನ್ನೊಂದು ಹೆಸರು. ಅವರಿಗೆ ಮೊದಲ ದಿನದಿಂದಲೇ ಕಾರ್ಡ್ ಕೊಡಿ ಅಥವಾ ಮುಖ ಗುರುತಿಸುವ ಮಷಿನ್ ಇಡಿ.

ಹಂತ 6: ಸೂಪರ್‌ವೈಸರ್ ಒಪ್ಪದಿದ್ದರೆ ಯಾರೂ ಒಪ್ಪುವುದಿಲ್ಲ

ಎಲ್ಲರೂ ಕೆಲಸಗಾರರ ಹಿಂಜರಿಕೆಯ ಬಗ್ಗೆ ಮಾತಾಡುತ್ತಾರೆ. ನಾನು ನೋಡಿದ ಕಾರ್ಖಾನೆಗಳಲ್ಲಿ ನಿಜವಾದ ತಡೆ ಇದ್ದದ್ದು ಸೂಪರ್‌ವೈಸರ್ ಮತ್ತು ಲೈನ್ ಲೀಡರ್ ಹಂತದಲ್ಲಿ. ಯಾಕೆ ಎಂದು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ರಜೆ ಕೊಡುವುದು, ಬಿಡುವುದು ಅವರ ಕೈಯಲ್ಲಿದ್ದ ಅಧಿಕಾರ. ಯಾರಿಗೆ ಓಟಿ, ಯಾರನ್ನು ಯಾವ ಶಿಫ್ಟ್‌ಗೆ, ಲೇಟಾಗಿ ಬಂದವರಿಗೆ ಇವತ್ತು ಮಾಫಿಯೋ ಇಲ್ಲವೋ, ಇದೆಲ್ಲ ಬಾಯಿಮಾತಲ್ಲಿ ನಡೆಯುತ್ತಿತ್ತು. ಆ್ಯಪ್ ಬಂದರೆ ಎಲ್ಲವೂ ದಾಖಲೆ. ಮೇಲಿನವರಿಗೆ ಕಾಣುತ್ತದೆ, ಕೆಳಗಿನವರಿಗೂ ಕಾಣುತ್ತದೆ.

ಹಾಗಾಗಿ ಅವರು ಬಾಯಲ್ಲಿ ಬೇಡ ಎನ್ನುವುದಿಲ್ಲ. "ಆ್ಯಪ್‌ನಲ್ಲಿ ಹಾಕಮ್ಮ, ಆದ್ರೆ ಮೊದಲು ನನ್ನನ್ನು ಬಂದು ಕೇಳು" ಅನ್ನುತ್ತಾರೆ. ಅಷ್ಟು ಸಾಕು. ಕೇಳಲು ಹೋಗಲೇಬೇಕು ಎಂದಾದ ಮೇಲೆ ಆ್ಯಪ್ ಯಾಕೆ? ಚೀಟಿಯೇ ವಾಸಿ.

ಇದಕ್ಕೆ ಬೈದರೆ ಪ್ರಯೋಜನ ಇಲ್ಲ. ಅವರ ಕಷ್ಟವೂ ನಿಜ. ಬೆಳಿಗ್ಗೆ ಆರರ ಶಿಫ್ಟ್‌ಗೆ ಮೂರು ಜನ ಬರದಿದ್ದರೆ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಮಾತು ಕೇಳುವವರು ಅವರೇ. ಆದ್ದರಿಂದ ಅವರಿಗೂ ಮೊದಲು ಏನಾದರೂ ಕೊಡಿ. ಹಿಂದಿನ ರಾತ್ರಿಯೇ ನಾಳೆ ಯಾರು ರಜೆ ಎಂಬ ಪಟ್ಟಿ ಅವರ ಫೋನಿಗೆ ಬರಲಿ. ಶಿಫ್ಟ್ ಶುರುವಾದ ಹದಿನೈದು ನಿಮಿಷಕ್ಕೆ ಯಾರು ಬಂದಿಲ್ಲ ಎಂದು ಕಾಣಲಿ. ತಿಂಗಳ ಕೊನೆಗೆ ಮಸ್ಟರ್ ಬರೆಯುವ ಕೆಲಸ ತಪ್ಪಲಿ. ಅದೇ ಹೊತ್ತಿಗೆ ನಿಯಮವನ್ನೂ ಬಿಗಿ ಮಾಡಿ: ಎರಡು ದಿನದೊಳಗೆ ರಜೆ ಒಪ್ಪದಿದ್ದರೆ ಅಥವಾ ಕಾರಣ ಬರೆದು ತಿರಸ್ಕರಿಸದಿದ್ದರೆ ಅರ್ಜಿ ತಾನಾಗಿ ಮೇಲಿನವರಿಗೆ ಹೋಗಲಿ. ತುರ್ತು ರಜೆಗೆ ಫೋನ್ ಮಾಡಿ ಹೇಳಿದರೆ ಸಾಕು, ಆ್ಯಪ್‌ನಲ್ಲಿ ಆಮೇಲೆ ಹಾಕಬಹುದು ಎಂದಿರಲಿ. ಮನೆಯಲ್ಲಿ ಸಾವಾದ ದಿನ ಯಾರೂ ಆ್ಯಪ್ ತೆರೆಯುತ್ತಾ ಕೂರುವುದಿಲ್ಲ.

ಕೆಲಸಗಾರರಿಗೆ ತೋರಿಸುವ ಮೊದಲು ಸೂಪರ್‌ವೈಸರ್‌ಗಳಿಗೆ ಒಂದು ತಿಂಗಳು ಬಳಸಲು ಕೊಡಿ. ಜಿಎಂ ಕೂಡ ತಮ್ಮ ರಜೆಯನ್ನು ಅದರಲ್ಲೇ ಹಾಕಲಿ. ಮೇಲಿನವರಿಗೆ ಬಾಯಿಮಾತು, ಕೆಳಗಿನವರಿಗೆ ಆ್ಯಪ್ ಎಂದಾದರೆ ಅದು ಒಂದೇ ವಾರದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಹಂತ 7: ಕಲಿಸುವುದು

ಶಿಫ್ಟ್ ಮುಗಿದ ಮೇಲೆ ಟ್ರೈನಿಂಗ್ ಇಡಬೇಡಿ. ಬಸ್ ಹೊರಡುತ್ತದೆ, ಮಗು ಅಂಗನವಾಡಿಯಿಂದ ಬಂದಿರುತ್ತದೆ, ಯಾರ ಮನಸ್ಸೂ ಅಲ್ಲಿರುವುದಿಲ್ಲ. ಸಂಬಳದ ಸಮಯದೊಳಗೇ ಹತ್ತು ಹನ್ನೆರಡು ಜನರ ಗುಂಪಿಗೆ ಇಪ್ಪತ್ತು ನಿಮಿಷ ಕೊಡಿ. ಅವರ ಫೋನಿನಲ್ಲಿ, ಅವರದೇ ಪೇ ಸ್ಲಿಪ್ ತೆರೆಸಿ. ಸ್ಲೈಡ್ ಬೇಡ. ಪಾಸ್‌ವರ್ಡ್‌ಗೆ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಚಿಹ್ನೆ ಎಂದೆಲ್ಲ ಇದ್ದರೆ ವೆಂಡರ್‌ಗೆ ಹೇಳಿ ಪಿನ್‌ಗೆ ಬದಲಿಸಿ. ಯುಪಿಐ ಪಿನ್ ಎಲ್ಲರಿಗೂ ರೂಢಿ ಇದೆ, ಅದೇ ಪಿನ್ ಇಲ್ಲಿ ಹಾಕಬೇಡಿ ಎಂದು ಮಾತ್ರ ಒತ್ತಿ ಹೇಳಿ.

ಪ್ರತಿ ಲೈನಿಗೆ ಒಬ್ಬರನ್ನು ನೆರವಿಗೆ ಗೊತ್ತು ಮಾಡಿ. ಎಚ್‌ಆರ್‌ಗೆ ಇಷ್ಟವಾದವರನ್ನು ಆರಿಸಿದರೆ ಜನ ಅವರನ್ನು ಕಂಪನಿಯ ಕಿವಿ ಎಂದು ದೂರ ಇಡುತ್ತಾರೆ. ಗ್ಯಾಸ್ ಬುಕ್ ಮಾಡಲು, ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಜನ ಈಗಾಗಲೇ ಯಾರ ಹತ್ತಿರ ಹೋಗುತ್ತಾರೋ ಆ ಅಕ್ಕನನ್ನೇ ಕೇಳಿಕೊಳ್ಳಿ. ವಾರಕ್ಕೆ ಎರಡು ಗಂಟೆ ಮಷಿನ್‌ನಿಂದ ಬಿಡುವು ಕೊಡಿ, ಆ ಗಂಟೆಯ ಟಾರ್ಗೆಟ್ ಕಡಿಮೆ ಮಾಡಿ. ಬಿಡುವು ಕೊಡದೆ ಹೊಣೆ ಮಾತ್ರ ಹೊರಿಸಿದರೆ ಅವರೇ ಮೊದಲು ಬೇಸರಪಡುತ್ತಾರೆ. ಯೂನಿಯನ್ ಇದ್ದರೆ ಅವರನ್ನು ಈ ಹಂತದಲ್ಲಿ ಕರೆದರೆ ತಡವಾಯಿತು, ಹಂತ 1ರಲ್ಲೇ ಕರೆಯಿರಿ.

ಕಚೇರಿ ಕೆಲಸದವರಿಗೆ ಕಲಿಸುವ ಕಷ್ಟ ಇಲ್ಲ. ಅವರ ತೊಂದರೆ ಬೇರೆ. ರಜೆಗೊಂದು, ಖರ್ಚಿನ ಬಿಲ್‌ಗೊಂದು, ಅಪ್ರೈಸಲ್‌ಗೊಂದು ಪೋರ್ಟಲ್, ಪ್ರತಿಯೊಂದಕ್ಕೂ ಬೇರೆ ಲಾಗಿನ್. ಅಲ್ಲಿ ಹೊಸದು ತರುವ ಮೊದಲು ಎರಡು ಹಳೆಯದನ್ನು ಮುಚ್ಚಿ. ಹೆಸರಿಲ್ಲದ ಸರ್ವೆ ಎಂದು ಹೇಳಿ ಎಂಪ್ಲಾಯಿ ಐಡಿಯಿಂದ ಲಾಗಿನ್ ಮಾಡಿಸಿದರೆ ಯಾರೂ ಮನಸ್ಸಿನ ಮಾತು ಬರೆಯುವುದಿಲ್ಲ.

ಹಂತ 8: ಹಳೆಯದನ್ನು ಬೇಗ ಮುಚ್ಚಬೇಡಿ

ಕೆನಡಾ ಸರ್ಕಾರ 2016ರಲ್ಲಿ ಫೀನಿಕ್ಸ್ ಎಂಬ ಸಂಬಳದ ವ್ಯವಸ್ಥೆ ತಂದಿತು. ಉಳಿತಾಯದ ಲೆಕ್ಕ ಹಾಕಿ, ಸಂಬಳದ ಕೆಲಸ ಬಲ್ಲ ಸುಮಾರು 1,200 ಜನರ ಜಾಗದಲ್ಲಿ ಮಿರಮಿಶಿ ಎಂಬ ಊರಿನಲ್ಲಿ ಸುಮಾರು 550 ಜನರನ್ನು ಇಟ್ಟಿತು. ಸಾವಿರಾರು ಸರ್ಕಾರಿ ನೌಕರರಿಗೆ ಸಂಬಳ ಕಡಿಮೆ ಬಂತು, ಜಾಸ್ತಿ ಬಂತು, ಕೆಲವರಿಗೆ ಬರಲೇ ಇಲ್ಲ. ತಿದ್ದಲು ಗೊತ್ತಿದ್ದವರು ಆಗಲೇ ಹೋಗಿಬಿಟ್ಟಿದ್ದರು. ವರ್ಷಗಳಾದರೂ ಆ ಗೋಜಲು ಬಿಡಿಸಲಾಗಲಿಲ್ಲ.

ಕನಿಷ್ಠ ಎರಡು ಸಂಬಳ, ಸಾಧ್ಯವಾದರೆ ಮೂರು, ಹಳೆಯ ಲೆಕ್ಕ ಮತ್ತು ಹೊಸ ಲೆಕ್ಕ ಎರಡನ್ನೂ ಮಾಡಿ ಒಬ್ಬೊಬ್ಬರ ಮೊತ್ತವನ್ನು ಹೋಲಿಸಿ. ನೈಟ್ ಶಿಫ್ಟ್ ದಾಟಿ ಬೆಳಗಾದ ಓಟಿ, ತಿಂಗಳ ಮಧ್ಯೆ ಸೇರಿದವರು, ಹೆರಿಗೆ ರಜೆಯಲ್ಲಿರುವವರು, ಕಾಂಪ್ ಆಫ್ (ರಜೆಯ ದಿನ ದುಡಿದದ್ದಕ್ಕೆ ಸಿಗುವ ಬದಲಿ ರಜೆ) ಉಳಿಸಿಕೊಂಡವರು, ತಪ್ಪು ಬರುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಟೈಮ್ ಆಫೀಸ್‌ನಲ್ಲಿ ಇಪ್ಪತ್ತು ವರ್ಷದಿಂದ ಇರುವ ಹಿರಿಯರಿಗೆ ಇವೆಲ್ಲ ಬಾಯಿಪಾಠ. ಅವರನ್ನು ಪಕ್ಕಕ್ಕೆ ಸರಿಸದೆ ಈ ಹೋಲಿಕೆಯ ಕೆಲಸಕ್ಕೆ ಮುಖ್ಯಸ್ಥರನ್ನಾಗಿ ಮಾಡಿ.

ಇನ್ನೊಂದು ನಿಯಮವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ: ಸಿಸ್ಟಂ ತಪ್ಪಿನಿಂದ ಸಂಬಳ ಕಡಿಮೆ ಬಂದರೆ ಎರಡು ದಿನದಲ್ಲಿ ಬಾಕಿ ಹಣ ಖಾತೆಗೆ ಬರುತ್ತದೆ. "ಮುಂದಿನ ತಿಂಗಳು ಅಡ್ಜಸ್ಟ್ ಮಾಡ್ತೀವಿ" ಎಂಬ ಮಾತು ಬೇಡ. ಮನೆ ಬಾಡಿಗೆ, ಸಂಘದ ಕಂತು ಮುಂದಿನ ತಿಂಗಳಿಗೆ ಕಾಯುವುದಿಲ್ಲ. ಕೆಲಸಗಾರರ ಮೊದಲ ಪ್ರಶ್ನೆಗೆ ಇದೇ ಉತ್ತರ, ಮತ್ತು ನನ್ನ ಅನುಭವದಲ್ಲಿ ಬೇರೆ ಎಲ್ಲ ಪ್ರಚಾರಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಹಂತ 9: ನಿಜವಾಗಿ ಬಳಸುತ್ತಿದ್ದಾರಾ ಎಂದು ತಿಳಿಯುವುದು

ಶೇಕಡಾ ಎಷ್ಟು ಜನ ಲಾಗಿನ್ ಆದರು ಎಂಬ ಸಂಖ್ಯೆಯನ್ನು ನಂಬಬೇಡಿ. ಒಬ್ಬ ಲೈನ್ ಲೀಡರ್ ತನ್ನ ಫೋನಿನಿಂದ ನಲವತ್ತು ಜನರ ರಜೆ ಹಾಕುತ್ತಿದ್ದರೂ ಆ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಹಾಗೆ ನಲವತ್ತು ಜನರ ಪಿನ್ ಒಬ್ಬರ ಹತ್ತಿರ ಇದ್ದರೆ ಅದು ಅಪಾಯವೂ ಹೌದು. ಒಂದೇ ಫೋನಿನಿಂದ ಎಷ್ಟು ಜನರ ಅರ್ಜಿ ಬಂದಿದೆ ಎಂದು ವೆಂಡರ್ ಹತ್ತಿರ ತೆಗೆಸಿ ನೋಡಿ. ಹಂತ 1ರ ನೋಟ್‌ಬುಕ್ ಇದೆಯಲ್ಲ, ಆರು ತಿಂಗಳ ನಂತರ ಮತ್ತೆ ಎರಡು ವಾರ ಅದೇ ಕೌಂಟರ್‌ನಲ್ಲಿ ಕೂತು ಬರೆಯಿರಿ. ರಜೆ ಎಷ್ಟಿದೆ ಎಂದು ಕೇಳಿಕೊಂಡು ಬರುವವರು ಕಡಿಮೆ ಆಗಿದ್ದಾರಾ? ನೈಟ್ ಶಿಫ್ಟ್, ಹೌಸ್‌ಕೀಪಿಂಗ್, ವಯಸ್ಸಾದವರು, ಹೊರ ರಾಜ್ಯದವರು, ಇವರ ಲೆಕ್ಕ ಬೇರೆ ಬೇರೆ ನೋಡಿ. ಹಿಂದೆ ಬಿದ್ದ ಗುಂಪು ಸಿಕ್ಕಾಗ ಮತ್ತೆ ಟ್ರೈನಿಂಗ್ ಎನ್ನುವ ಮೊದಲು, ಅವರ ಸೂಪರ್‌ವೈಸರ್ ರಜೆ ಅರ್ಜಿಗಳನ್ನು ಎಷ್ಟು ದಿನಕ್ಕೆ ನೋಡುತ್ತಾರೆ ಎಂದು ಪರಿಶೀಲಿಸಿ.

ಕಾಂಟ್ರಾಕ್ಟ್‌ನವರು, ಕೆಲಸ ಬಿಟ್ಟವರು

ಕಾಂಟ್ರಾಕ್ಟರ್ ಕಡೆಯಿಂದ ಬಂದವರು ಅದೇ ಗೇಟಿನಲ್ಲಿ ಬಂದು ಅದೇ ಲೈನಿನಲ್ಲಿ ನಿಲ್ಲುತ್ತಾರೆ. ಆ್ಯಪ್ ಮಾತ್ರ ಅವರಿಗಿಲ್ಲ. ಕಾಂಟ್ರಾಕ್ಟರ್ ಜೊತೆಗಿನ ಒಪ್ಪಂದದಲ್ಲೇ, ಅವರ ಹಾಜರಿ ಮತ್ತು ಪೇ ಸ್ಲಿಪ್ ಅವರಿಗೂ ಕಾಣಬೇಕು ಎಂದು ಒಂದು ಷರತ್ತು ಸೇರಿಸಿ. ಪಿಎಫ್ ಕಟ್ಟಿದ ರಸೀದಿ ಪ್ರತಿ ತಿಂಗಳು ಬರಲಿ.

ಕೆಲಸ ಬಿಟ್ಟವರ ಲಾಗಿನ್ಅನ್ನು ಕೊನೆಯ ದಿನ ಸಂಜೆಯೇ ಮುಚ್ಚುವ ಅಭ್ಯಾಸ ಬಹಳ ಕಡೆ ಇದೆ. ಫುಲ್ ಅಂಡ್ ಫೈನಲ್ ಲೆಕ್ಕ, ಹಳೆಯ ಸ್ಲಿಪ್‌ಗಳು, ಟ್ಯಾಕ್ಸ್ ಕಟ್ ಆಗಿದ್ದರೆ ಫಾರ್ಮ್ 16, ಇವೆಲ್ಲ ಅವರಿಗೆ ಬೇಕಾಗುವುದು ಬಿಟ್ಟ ಮೇಲೆಯೇ. ಸ್ವಂತ ಮೊಬೈಲ್ ನಂಬರಿನಿಂದ ಬರೀ ನೋಡಲು ಆಗುವಂತೆ ಕನಿಷ್ಠ ಒಂದು ವರ್ಷ ಲಾಗಿನ್ ಇಡಿ. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನೀವೇ ಹಾಕಿ, ಅದು ಬಿಟ್ಟುಹೋದರೆ ಅವರು ಹಣ ತೆಗೆಯಲು, ವರ್ಗಾಯಿಸಲು ಪರದಾಡುತ್ತಾರೆ. ಬಿಟ್ಟು ಹೋದವರು ಪಕ್ಕದ ಕಾರ್ಖಾನೆಯಲ್ಲೇ ಇರುತ್ತಾರೆ, ನಿಮ್ಮವರ ಜೊತೆ ಅದೇ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಾರೆ. ನಿಮ್ಮ ಆ್ಯಪ್ ಹೇಗಿತ್ತು ಎಂದು ಮುಂದೆ ಸೇರುವವರು ಕೇಳುವುದು ಅವರನ್ನೇ.